ನಾನೂರು ದಿನ ಕಾಯುವ ಆಟ

ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ತಂದೆತಾಯಂದಿರಿಗೆ ಒಂದು ಬಹಿರಂಗ ಪತ್ರ



‘ದಿ ಲಾಂಗಿಂಗ್’ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಕಂಪ್ಯೂಟರ್ ಆಟ. ಆನಿಮೇಷನ್ ಕೆಲಸವನ್ನೂ ಮಾಡುವ ‘ಸ್ಟುಡಿಯೊ ಜೊಯ್ಫ್ಟ್ಸ್’ ಎಂಬ ಸಣ್ಣ ತಂಡ ಇದನ್ನು 2020ರ ಮಾರ್ಚ್ 5ರಂದು ಹೊರತಂದಿತು. ಕಲ್ಪನೆ ಮತ್ತು ವಿನ್ಯಾಸ ಮುಖ್ಯವಾಗಿ ಆನ್ಸೆಲ್ಮ್ ಪ್ಯೂಟಾ ಅವರದು. ಅದೇ ವರ್ಷದ ಜರ್ಮನ್ ಕಂಪ್ಯೂಟರ್ ಆಟಗಳ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚೊಚ್ಚಲ ಕೃತಿ ಎಂಬ ಗೌರವ ಇದಕ್ಕೆ ಸಂದಿತು. ಹೊಡೆದಾಟ, ಗುಂಡು, ಪಂದ್ಯ, ಅಂಕ ಯಾವುದೂ ಇದರಲ್ಲಿಲ್ಲ. ಇರುವುದು ಒಂದು ಕಥೆ, ಆ ಕಥೆಯೊಳಗೆ ಅಡ್ಡಾಡಲು ಒಂದು ಗವಿ, ಮತ್ತು ಬೇಕಾದಷ್ಟು ಹೊತ್ತು.

ಕಥೆ ಹೀಗೆ ಮೊದಲಾಗುತ್ತದೆ. ಭೂಮಿಯ ಆಳದಲ್ಲಿ ಬೆಟ್ಟದಂಥ ಕಲ್ಲಿನ ರಾಜನೊಬ್ಬ ಕುಳಿತಿದ್ದಾನೆ. ಅವನ ಶಕ್ತಿ ಕುಂದಿದೆ. ಕಳೆದುಹೋದ ಬಲ ಮರಳಬೇಕಾದರೆ ಅವನು ನಾನೂರು ದಿನ ನಿದ್ದೆ ಮಾಡಬೇಕು. ಅವನ ಬಳಿ ಉಳಿದಿರುವುದು ಒಬ್ಬನೇ ಆಳು: ಕಪ್ಪು ಮೈ, ಉದ್ದ ಮೂಗು, ಹಳದಿ ಕಣ್ಣುಗಳ ಕುಳ್ಳ ಜೀವ, ಹೆಸರು ಶೇಡ್. ನಾನೂರು ದಿನ ಕಳೆದ ಮೇಲೆ ತನ್ನನ್ನು ಎಬ್ಬಿಸಬೇಕು, ಅಲ್ಲಿಯವರೆಗೆ ಗವಿಯೊಳಗೇ ಇರಬೇಕು ಎಂದು ಅಪ್ಪಣೆ ಕೊಟ್ಟು ರಾಜ ಕಣ್ಣು ಮುಚ್ಚುತ್ತಾನೆ. ಪರದೆಯ ಮೇಲ್ಭಾಗದಲ್ಲಿ ಒಂದು ಗಡಿಯಾರ ಕಾಣಿಸಿಕೊಂಡು ಹಿಂದುಹಿಂದಕ್ಕೆ ಎಣಿಸಲು ತೊಡಗುತ್ತದೆ. ಆ ನಾನೂರು ದಿನಗಳು ಆಟದ ಲೆಕ್ಕದವಲ್ಲ. ಅಡುಗೆಮನೆಯ ಕ್ಯಾಲೆಂಡರ್ ಎಣಿಸುವ ದಿನಗಳೇ ಅವು. ಕಂಪ್ಯೂಟರ್ ಆರಿಸಿ ಮಲಗಿದರೂ ಗಡಿಯಾರ ನಡೆಯುತ್ತಿರುತ್ತದೆ. ಬೇಕಾದವರು ಆಟವನ್ನು ಶುರುಮಾಡಿ, ಮುಚ್ಚಿ, ವರ್ಷದ ಮೇಲೆ ಮೂವತ್ತೈದು ದಿನ ಬಿಟ್ಟು ಬಂದು ರಾಜನನ್ನು ಎಬ್ಬಿಸಬಹುದು. ಅದಕ್ಕೂ ಇಲ್ಲಿ ಅಡ್ಡಿಯಿಲ್ಲ.

ಇಷ್ಟನ್ನು ಕೇಳಿದವರಿಗೆ ಇದರಲ್ಲಿ ಆಡುವುದೇನಿದೆ ಎನ್ನಿಸುವುದು ಸಹಜ. ಉತ್ತರ ಸಿಗುವುದು ಗವಿಯೊಳಗೆ ಹೆಜ್ಜೆಯಿಟ್ಟಾಗ. ಶೇಡ್ ಓಡುವುದಿಲ್ಲ. ಮೌಸ್ ಒತ್ತಿದ ಕಡೆಗೆ ಒಂದೊಂದೇ ಹೆಜ್ಜೆ ಹಾಕುತ್ತಾನೆ, ಮೆಟ್ಟಿಲು ಹತ್ತುವಾಗ ಇನ್ನೂ ನಿಧಾನ. ಗವಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೇ ದೊಡ್ಡ ಪಯಣ. ದಾರಿಯಲ್ಲಿ ಅಣಬೆ, ಕಲ್ಲಿದ್ದಲು, ಹರಳು, ಹರಿದ ಕಾಗದದ ಚೂರು ಸಿಗುತ್ತವೆ. ಎಲ್ಲವನ್ನೂ ಎತ್ತಿಟ್ಟುಕೊಳ್ಳಬಹುದು. ಕಂಡ ಜಾಗವನ್ನು ನೆನಪಿನಲ್ಲಿಟ್ಟುಕೊಳ್ಳುವಂತೆ ಶೇಡ್‌ಗೆ ಹೇಳಿದರೆ, ಮುಂದೊಮ್ಮೆ ಹೆಸರು ಆರಿಸಿದ ಮಾತ್ರಕ್ಕೆ ಅವನು ತಾನೇ ಅಲ್ಲಿಗೆ ನಡೆದುಕೊಂಡು ಹೋಗುತ್ತಾನೆ. ಆಗ ಆಡುವವರು ಚಹಾ ಮಾಡಿಕೊಂಡು ಬರಬಹುದು, ಬಟ್ಟೆ ಒಣಹಾಕಿ ಬರಬಹುದು. ಹಿನ್ನೆಲೆಯಲ್ಲಿ ಮಂದ್ರಸ್ಥಾಯಿಯ ಸಿಂಥಸೈಜರ್ ಸಂಗೀತ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು.

ಈ ಆಟದ ನಿಜವಾದ ಜಾಣ್ಮೆ ಅದರ ಒಗಟುಗಳಲ್ಲಿದೆ. ಬೇರೆ ಆಟಗಳಲ್ಲಿ ಮುಚ್ಚಿದ ಬಾಗಿಲಿಗೆ ಬೀಗದ ಕೈ ಹುಡುಕಬೇಕು. ಇಲ್ಲಿ ಅನೇಕ ಕಡೆ ಬೀಗದ ಕೈ ಎಂದರೆ ಕಾಲವೇ. ಒಂದು ಭಾರಿ ಬಾಗಿಲು ತೆರೆದುಕೊಳ್ಳುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ. ಅಲ್ಲೇ ನಿಂತು ನೋಡಬಹುದು, ಬೇರೆಡೆ ಹೋಗಿ ಬರಲೂಬಹುದು. ಒಂದೆಡೆ ಮಣ್ಣಿನ ಗೋಡೆಯಂಚಿನಿಂದ ಕೆಳಕ್ಕೆ ಧುಮುಕಬೇಕು, ಆದರೆ ಬಿದ್ದರೆ ಪೆಟ್ಟಾಗುವಷ್ಟು ಎತ್ತರ. ಕೆಳಗೆ ತೇವದ ಬಂಡೆಯ ಮೇಲೆ ಪಾಚಿ ಬೆಳೆಯುತ್ತಿದೆ. ಹೆಪ್ಪು ಹಾಕಿದ ಹಾಲನ್ನು ಕದಡದೆ ಬಿಟ್ಟಂತೆ ಅದನ್ನು ಅದರ ಪಾಡಿಗೆ ಬಿಟ್ಟರೆ ಕೆಲವು ದಿನಗಳ ಮೇಲೆ ಅದು ಮೆತ್ತನೆಯ ಹಾಸಿಗೆಯಾಗುತ್ತದೆ. ಆಮೇಲೆ ಧುಮುಕಬಹುದು. ಇನ್ನೊಂದೆಡೆ ಹನಿಹನಿಯಾಗಿ ಗುಂಡಿ ತುಂಬಬೇಕು. ಇಂಥ ಜಾಗವನ್ನು ಕಂಡು ವಾಪಸಾದವರು ಕಚೇರಿಯಲ್ಲೋ ಬಸ್ಸಿನಲ್ಲೋ ಇದ್ದಕ್ಕಿದ್ದಂತೆ ಪಾಚಿಯ ನೆನಪು ಮಾಡಿಕೊಳ್ಳುವುದುಂಟು. ಆಟ ಪರದೆಯಾಚೆಗೂ ನಡೆಯುತ್ತಿದೆ ಎಂಬ ಅರಿವು ಆಗ ಮೂಡುತ್ತದೆ. ಕಾದಂಬರಿಗೆ, ಸಿನಿಮಾಕ್ಕೆ ಇದು ಸಾಧ್ಯವಿಲ್ಲ. ಹತ್ತು ವರ್ಷ ಕಳೆದವು ಎಂದು ಕಾದಂಬರಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಇಲ್ಲಿ ಹತ್ತು ದಿನ ಎಂದರೆ ಹತ್ತು ದಿನ. ಕಾಯುವವರ ಕಥೆಯನ್ನು ಹೇಳಲು ಆಡುವವರನ್ನೇ ಕಾಯಿಸುವ ಈ ಉಪಾಯ ಆಟ ಎಂಬ ಮಾಧ್ಯಮಕ್ಕೆ ಮಾತ್ರ ಒದಗುವಂಥದು. ಆಟಗಳ ಬಗ್ಗೆ ಆಸಕ್ತಿಯೇ ಇಲ್ಲದ ಹಿರಿಯರು ಕೂಡ ಇದನ್ನು ಕಂಡು ಬೆರಗಾಗುವುದು ಇದೇ ಕಾರಣಕ್ಕೆ.

ಈ ಕಥೆಯ ಬೇರು ಜರ್ಮನಿಯ ನೆಲದಲ್ಲೇ ಇದೆ. ಹಾರ್ಟ್ಸ್ ಪರ್ವತಗಳ ದಕ್ಷಿಣಕ್ಕೆ, ಥ್ಯೂರಿಂಗಿಯಾ ಮತ್ತು ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯಗಳ ಗಡಿಯಲ್ಲಿ, ಕಿಫ್‌ಹೊಯ್ಸರ್ ಎಂಬ ಚಿಕ್ಕ ಬೆಟ್ಟಸಾಲಿದೆ. ಕೆಂಪು ಗಡ್ಡದ ಚಕ್ರವರ್ತಿ ಫ್ರೀಡ್ರಿಕ್ ಬಾರ್ಬರೋಸಾ ಸತ್ತಿಲ್ಲ, ಆ ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿನ ಮೇಜಿಗೊರಗಿ ನಿದ್ರಿಸುತ್ತಿದ್ದಾನೆ, ಅವನ ಗಡ್ಡ ಮೇಜನ್ನು ಸುತ್ತಿಕೊಂಡು ಬೆಳೆಯುತ್ತಿದೆ ಎಂಬುದು ಐತಿಹ್ಯ. ಇತಿಹಾಸದ ಬಾರ್ಬರೋಸಾ ಮೂರನೆಯ ಧರ್ಮಯುದ್ಧಕ್ಕೆ ಹೊರಟವನು 1190ರ ಜೂನ್ 10ರಂದು ಇಂದಿನ ಟರ್ಕಿಯ ನದಿಯೊಂದರಲ್ಲಿ ಮುಳುಗಿ ಸತ್ತ. ಮೊದಲಿಗೆ ಈ ಕಥೆಯನ್ನು ಹೇಳುತ್ತಿದ್ದದ್ದು ಅವನ ಮೊಮ್ಮಗ, 1250ರಲ್ಲಿ ತೀರಿಕೊಂಡ ಎರಡನೆಯ ಫ್ರೀಡ್ರಿಕ್‌ನ ಬಗ್ಗೆ. ಶತಮಾನಗಳು ಉರುಳಿದಂತೆ ಮೊಮ್ಮಗನ ಕಥೆ ಅಜ್ಜನ ಹೆಸರಿಗೆ ಸೇರಿತು. ಗ್ರಿಮ್ ಸಹೋದರರು ತಮ್ಮ ಐತಿಹ್ಯ ಸಂಗ್ರಹದಲ್ಲಿ ಅದನ್ನು ದಾಖಲಿಸಿದರು. ಕವಿ ಫ್ರೀಡ್ರಿಕ್ ರ‍್ಯೂಕರ್ಟ್ 1817ರಲ್ಲಿ ಅದನ್ನು ಪದ್ಯವಾಗಿಸಿದ ಮೇಲೆ ಅದು ಶಾಲೆಗಳ ಪಾಠವಾಗಿ ಮನೆಮಾತಾಯಿತು.

ಆಮೇಲಿನದು ಅಷ್ಟು ಹಿತವಾದ ಚರಿತ್ರೆಯಲ್ಲ. ಹರಿದು ಹಂಚಿಹೋಗಿದ್ದ ಜರ್ಮನ್ ಸಂಸ್ಥಾನಗಳ ಏಕೀಕರಣದ ಕನಸಿಗೆ ಮಲಗಿದ ಚಕ್ರವರ್ತಿ ಸಂಕೇತವಾದ. ಕವಿ ಹೈನ್‌ರಿಕ್ ಹೈನೆ 1844ರ ತನ್ನ ದೀರ್ಘ ಕಾವ್ಯದಲ್ಲಿ ಅದೇ ಚಕ್ರವರ್ತಿಯನ್ನು ಕನಸಿನಲ್ಲಿ ಮಾತಾಡಿಸಿ, ಚಕ್ರವರ್ತಿ ಇಲ್ಲದೆಯೂ ನಮ್ಮದು ನಡೆಯುತ್ತದೆ ಎಂಬ ಧಾಟಿಯಲ್ಲಿ ತಿರುಗಿ ನುಡಿದ. ಹೈನೆಯ ಮಾತಿಗಿಂತ ಕಲ್ಲಿನ ಸ್ಮಾರಕದ ದನಿ ಜೋರಾಯಿತು. 1890ರಿಂದ 1896ರವರೆಗೆ ಬೆಟ್ಟದ ನೆತ್ತಿಯ ಮೇಲೆ 81 ಮೀಟರ್ ಎತ್ತರದ ಸ್ಮಾರಕ ಎದ್ದಿತು. ವಾಸ್ತುಶಿಲ್ಪಿ ಬ್ರೂನೊ ಶ್ಮಿಟ್ಸ್ ರೂಪಿಸಿದ ಅದರಲ್ಲಿ ಕೆಳಗೆ ನಿದ್ದೆಯಿಂದ ಏಳುತ್ತಿರುವ ಬಾರ್ಬರೋಸಾ, ಮೇಲೆ ಕುದುರೆಯೇರಿದ ಚಕ್ರವರ್ತಿ ಮೊದಲನೆಯ ವಿಲ್‌ಹೆಲ್ಮ್. 1941ರಲ್ಲಿ ಹಿಟ್ಲರ್‌ನ ಸೇನೆ ಸೋವಿಯತ್ ಒಕ್ಕೂಟದ ಮೇಲೆ ದಾಳಿಯಿಟ್ಟಾಗ ಆ ಕಾರ್ಯಾಚರಣೆಗೆ ಇಟ್ಟದ್ದೂ ಬಾರ್ಬರೋಸಾನ ಹೆಸರೇ. ಅಜ್ಜಿಕಥೆಯೊಂದು ಯಾರ ಕೈಗೆ ಸಿಕ್ಕರೆ ಏನಾಗಬಹುದು ಎನ್ನುವುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಅಪರೂಪ. ಸ್ಮಾರಕದ ಪಕ್ಕದ ಹಳೆಯ ಕೋಟೆಯಲ್ಲಿ 176 ಮೀಟರ್ ಆಳದ ಬಾವಿಯಿದೆ. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಸ್ಮಾರಕದ ಗಾತ್ರಕ್ಕೆ ಮರುಳಾಗದೆ ಆ ಬಾವಿಯನ್ನು ತೋರಿಸುವುದು ಒಳ್ಳೆಯದು. ಕಲ್ಲನ್ನು ಅಷ್ಟು ಆಳಕ್ಕೆ ಅಗೆದವರ ಹೆಸರು ಯಾವ ಸ್ಮಾರಕದ ಮೇಲೂ ಇಲ್ಲ.

ಸ್ಟುಟ್‌ಗಾರ್ಟ್‌ನ ಆಟ ಮಾಡಿದ್ದೂ ಹೀಗೆ ಹೆಸರಿಲ್ಲದವರತ್ತ ಕಣ್ಣು ಹಾಯಿಸುವ ಕೆಲಸವನ್ನೇ. ರ‍್ಯೂಕರ್ಟ್‌ನ ಪದ್ಯದಲ್ಲಿ ಚಕ್ರವರ್ತಿ ನಿದ್ದೆಗಣ್ಣಿನಲ್ಲೇ ಒಬ್ಬ ಕುಬ್ಜ ಸೇವಕನನ್ನು ಹೊರಗೆ ಕಳಿಸುತ್ತಾನೆ: ಬೆಟ್ಟದ ಸುತ್ತ ಕಾಗೆಗಳು ಇನ್ನೂ ಹಾರುತ್ತಿವೆಯೇ ನೋಡಿ ಬಾ ಎಂದು. ಹಾರುತ್ತಿದ್ದರೆ ಇನ್ನೂ ನೂರು ವರ್ಷ ನಿದ್ದೆ. ಪದ್ಯ ಅಲ್ಲಿಗೆ ಮುಗಿಯುತ್ತದೆ. ಆ ಕುಬ್ಜ ಆ ನೂರು ವರ್ಷ ಏನು ಮಾಡಿದ, ಎಲ್ಲಿ ಕೂತ, ಅವನಿಗೆ ಬೇಸರವಾಯಿತೇ ಎಂದು ಕೇಳಿದವರಿಲ್ಲ. ಶೇಡ್‌ನನ್ನು ನೋಡುವಾಗ ಆ ಸೇವಕನೇ ಕಣ್ಣ ಮುಂದೆ ಬರುತ್ತಾನೆ. ಆಟ ರಾಜನನ್ನು ಮಲಗಲು ಬಿಟ್ಟು ಆಳಿನ ಬೆನ್ನು ಹಿಡಿಯುತ್ತದೆ.

ಕನ್ನಡ ಮನೆಯ ಮಕ್ಕಳಿಗೆ ಈ ಕಥೆ ಪರಕೀಯವೇನಲ್ಲ. ಭಾಗವತದ ಮುಚುಕುಂದ ಇದ್ದಾನೆ. ಮಾಂಧಾತನ ಮಗನಾದ ಅವನು ದೇವತೆಗಳ ಪರವಾಗಿ ಅಸುರರೊಡನೆ ಬಹುಕಾಲ ಕಾದಾಡಿ ದಣಿದು, ವರವಾಗಿ ಬೇಡಿದ್ದು ನಿದ್ದೆಯನ್ನು. ಗವಿಯೊಳಗೆ ಯುಗಗಟ್ಟಲೆ ಮಲಗಿದ. ಕೃಷ್ಣನನ್ನು ಅಟ್ಟಿಸಿಕೊಂಡು ಬಂದ ಕಾಲಯವನ ಕತ್ತಲಲ್ಲಿ ಇವನೇ ಕೃಷ್ಣನೆಂದು ಒದ್ದು, ಅವನು ಕಣ್ತೆರೆದ ಕ್ಷಣದಲ್ಲಿ ಬೂದಿಯಾದ. ಗವಿಯಿಂದ ಹೊರಬಂದ ಮುಚುಕುಂದನಿಗೆ ಮನುಷ್ಯರು, ಪ್ರಾಣಿಗಳು, ಮರಗಳು ಎಲ್ಲವೂ ಕುಗ್ಗಿ ಚಿಕ್ಕದಾಗಿ ಕಂಡವಂತೆ. ಇತ್ತ ಪಂಪಾ ತೀರದಲ್ಲಿ ರಾಮನಿಗಾಗಿ ಕಾದ ಶಬರಿಯೂ ಇದ್ದಾಳೆ. ಹಂಪಿ, ಆನೆಗೊಂದಿ ಕಡೆ ಹೋದವರಿಗೆ ಅವಳ ಗುಹೆಯನ್ನು ಇಂದಿಗೂ ತೋರಿಸುತ್ತಾರೆ. ಮಲಗುವ ರಾಜ ಒಂದು ಕಥೆಯಲ್ಲಿ, ಕಾಯುವ ಜೀವ ಇನ್ನೊಂದರಲ್ಲಿ. ಜರ್ಮನ್ ಆಟ ಇಬ್ಬರನ್ನೂ ಒಂದೇ ಗವಿಗೆ ತಂದಿದೆ. ಶಾಲೆಯಲ್ಲಿ ಬಾರ್ಬರೋಸಾನ ಪಾಠ ಕೇಳಿ ಬಂದ ಮಗುವಿಗೆ ಮುಚುಕುಂದನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಕನ್ನಡ ಪುಸ್ತಕ ತೆರೆಯೆಂದರೆ ಮುಖ ಸಿಂಡರಿಸುವ ಮಗು ಕೂಡ, ಆಟದ ರಾಜ ಎದ್ದರೆ ಏನಾಗಬಹುದು ಎಂಬ ಮಾತಿಗೆ ಕಿವಿಯಾಗುತ್ತದೆ.

ಗವಿಯಲ್ಲಿ ಶೇಡ್‌ಗೊಂದು ಕೋಣೆಯಿದೆ. ಆಟದ ಅತ್ಯಂತ ಆಪ್ತ ಭಾಗ ಇದು. ಮೊದಲಿಗೆ ಅಲ್ಲಿರುವುದು ಒಂದು ಕುರ್ಚಿ, ಒಂದಿಷ್ಟು ಪುಸ್ತಕ, ಒಲೆಗೂಡು. ಅಡ್ಡಾಡಿ ತಂದ ಕಲ್ಲಿದ್ದಲಿನಿಂದ ಬೆಂಕಿ ಹೊತ್ತಿಸಬಹುದು. ಸಿಕ್ಕ ಕಾಗದದ ಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಬಹುದು, ಹರಳುಗಳನ್ನು ಜೋಡಿಸಿಡಬಹುದು. ಕೋಣೆ ಹಸನಾಗುತ್ತ ಹೋದಂತೆ ಅದರೊಳಗೆ ಗಡಿಯಾರ ಬೇಗ ಓಡತೊಡಗುತ್ತದೆ. ಹಿತವಾದ ಜಾಗದಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಎಲ್ಲರೂ ಹೇಳುವ ಮಾತನ್ನು ಈ ಆಟ ಲೆಕ್ಕಕ್ಕೆ ಇಳಿಸಿದೆ. ಅದಕ್ಕೊಂದು ಎದುರುಮುಖವೂ ಉಂಟು. ಕೋಣೆಯನ್ನು ಸಿಂಗರಿಸುತ್ತ ಕೂತವರು ಗವಿಯ ಮೂಲೆಗಳನ್ನು ಹುಡುಕಲು ಹೋಗುವುದಿಲ್ಲ, ರಾಜನ ಅಪ್ಪಣೆ ಸರಿಯೇ ಎಂದು ಕೇಳಲೂ ಹೋಗುವುದಿಲ್ಲ. ಊರು ಬಿಟ್ಟು ಬಂದು, ಬಾಡಿಗೆ ಮನೆಯನ್ನು ಒಂದೊಂದೇ ವಸ್ತುವಿನಿಂದ ತಮ್ಮದಾಗಿಸಿಕೊಂಡ ಕುಟುಂಬಗಳಿಗೆ ಈ ಭಾಗ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ.

ಕೋಣೆಯ ಪುಸ್ತಕಗಳು ಬರೀ ಚಿತ್ರಗಳಲ್ಲ. ತೆರೆದು ಪುಟ ಮಗುಚಿ ಓದಬಹುದಾದ ನಿಜವಾದ ಕೃತಿಗಳು ಅವು. 1851ರಲ್ಲಿ ಹೊರಬಂದ ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ ಅಲ್ಲಿದೆ. ನೀಚೆಯ ‘ಜರತುಷ್ಟ್ರ’ ಇದೆ. ಅದರ ನಾಯಕನೂ ಹತ್ತು ವರ್ಷ ಬೆಟ್ಟದ ಏಕಾಂತದಲ್ಲಿದ್ದು ಬಂದವನೇ. ಶೇಡ್ ಓದುತ್ತಿರುವಾಗ ಆಡುವವರೂ ಅವನ ಹೆಗಲ ಮೇಲಿಂದ ಬಗ್ಗಿ ಓದುತ್ತಾರೆ. ಮಕ್ಕಳು ಪುಸ್ತಕ ಬಿಟ್ಟು ಪರದೆ ಹಿಡಿದರು ಎಂದು ಕೊರಗುವ ಮನೆಗಳಲ್ಲಿ, ಪರದೆಯೊಳಗೆ ಕೂತು ಪುಸ್ತಕ ಓದುವ ಪಾತ್ರವೊಂದು ಇದೆ ಎಂಬ ಸುದ್ದಿಯಾದರೂ ತಲುಪಬೇಕು.

ಆಟ ಹೊರಬಂದ ಗಳಿಗೆಯೂ ವಿಚಿತ್ರ. ಅದು ಬಿಡುಗಡೆಯಾದ ಮೂರು ವಾರದೊಳಗೆ, 2020ರ ಮಾರ್ಚ್ 22ರಂದು, ಕೋವಿಡ್ ಕಾರಣದಿಂದ ಜರ್ಮನಿಯಲ್ಲಿ ಜನ ಸೇರುವುದಕ್ಕೆ ನಿರ್ಬಂಧ ಬಂತು. ಮಾರ್ಚ್ 24ರ ನಡುರಾತ್ರಿ ಭಾರತ ಬಾಗಿಲು ಹಾಕಿಕೊಂಡಿತು. ವಿಮಾನಗಳು ನಿಂತವು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇದ್ದ ತಂದೆತಾಯಿಯನ್ನು ನೋಡಲು ಹೋಗಲಾಗದೆ ಜರ್ಮನಿಯ ಎಷ್ಟೋ ಕನ್ನಡ ಮನೆಗಳು ದಿನ ಎಣಿಸಿದವು. ಸೋಂಕಿನ ಸುಳಿವೇ ಇಲ್ಲದಾಗ ಕಲ್ಪಿಸಿಕೊಂಡಿದ್ದ ಕಥೆ ಹೊರಗಿನ ಬದುಕನ್ನೇ ಹೇಳುವಂತಾಯಿತು. ಬಿಡುಗಡೆಯ ದಿನವೇ ಆಟ ಶುರುಮಾಡಿ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟವರ ರಾಜ ಏಳಬೇಕಾದದ್ದು 2021ರ ಏಪ್ರಿಲ್ 9ರಂದು. ಆ ಹೊತ್ತಿಗೂ ನಿರ್ಬಂಧಗಳು ಮುಗಿದಿರಲಿಲ್ಲ.

ಕಂಪ್ಯೂಟರ್ ಆಟ ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದಕ್ಕೆ ಜರ್ಮನಿಯಲ್ಲಿ ಗಂಭೀರವಾದ ಹಿನ್ನೆಲೆಯಿದೆ. 2002ರ ಏಪ್ರಿಲ್ 26ರಂದು ಎರ್‌ಫುರ್ಟ್ ನಗರದ ಶಾಲೆಯಲ್ಲಿ, 2009ರ ಮಾರ್ಚ್ 11ರಂದು ಸ್ಟುಟ್‌ಗಾರ್ಟ್‌ಗೆ ಸಮೀಪದ ವಿನ್ನೆಂಡನ್‌ನಲ್ಲಿ ಹದಿವಯಸ್ಸಿನವರು ಗುಂಡು ಹಾರಿಸಿ ಶಿಕ್ಷಕರನ್ನೂ ಮಕ್ಕಳನ್ನೂ ಕೊಂದರು. ಎರಡೂ ಸಲ ಕೊಲ್ಲುವ ಆಟಗಳ ಮೇಲೆ ದೇಶದಲ್ಲಿ ದೊಡ್ಡ ವಾಗ್ವಾದ ನಡೆಯಿತು. 1994ರಿಂದ ಆಟಗಳನ್ನು ಪರಿಶೀಲಿಸುತ್ತಿದ್ದ ಯುಎಸ್‌ಕೆ ಸಂಸ್ಥೆಯ ವಯಸ್ಸಿನ ಗುರುತು 2003ರಿಂದ ಕಾನೂನಿನ ಬಲ ಪಡೆಯಿತು: 0ಗೆ ಬಿಳಿ, 6ಕ್ಕೆ ಹಳದಿ, 12ಕ್ಕೆ ಹಸಿರು, 16ಕ್ಕೆ ನೀಲಿ, 18ಕ್ಕೆ ಕೆಂಪು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಮೊದಲು ನೋಡಬೇಕಾದದ್ದು ಇದನ್ನು. ಆದರೆ ಆ ಬಣ್ಣ ಹೇಳುವುದು ಯಾವ ವಯಸ್ಸಿನವರಿಗೆ ಹಾನಿಯಿಲ್ಲ ಎಂಬುದನ್ನಷ್ಟೇ. ಆಟ ಚೆನ್ನಾಗಿದೆಯೇ, ಮಗುವಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಯಾರಾದರೂ ಪಕ್ಕದಲ್ಲಿ ಕೂತು ನೋಡಲೇಬೇಕು.

ಭಯದ ಜೊತೆಜೊತೆಗೇ ಇನ್ನೊಂದು ಬದಲಾವಣೆಯೂ ಆಯಿತು. 2008ರಲ್ಲಿ ಜರ್ಮನ್ ಸಂಸ್ಕೃತಿ ಮಂಡಳಿ ಆಟ ರಚಿಸುವವರ ಸಂಘಟನೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಮರುವರ್ಷ ರಾಷ್ಟ್ರೀಯ ಆಟ ಪ್ರಶಸ್ತಿ ಆರಂಭವಾಯಿತು. ಬರ್ಲಿನ್‌ನ ಕಾರ್ಲ್ ಮಾರ್ಕ್ಸ್ ಅಲೇಯಲ್ಲಿ ಕಂಪ್ಯೂಟರ್ ಆಟಗಳಿಗೆಂದೇ ವಸ್ತುಸಂಗ್ರಹಾಲಯವಿದೆ. ಕಥೆಯನ್ನೇ ನೆಚ್ಚಿದ ಆಟಗಳು ಇಲ್ಲಿ ಬೇರೆಯೂ ಇವೆ. ಬರ್ಲಿನ್‌ನ ಯೋ-ಮೈ ತಂಡದ ‘ಸೀ ಆಫ್ ಸಾಲಿಟ್ಯೂಡ್’ 2019ರಲ್ಲಿ ಬಂತು. ಒಂಟಿತನದಿಂದ ರಾಕ್ಷಸರೂಪ ತಾಳಿದ ಹುಡುಗಿಯೊಬ್ಬಳು ಅದರಲ್ಲಿ ನೀರಲ್ಲಿ ಮುಳುಗಿದ ನಗರವನ್ನು ಪುಟ್ಟ ದೋಣಿಯಲ್ಲಿ ಸುತ್ತುತ್ತಾಳೆ. ನಾಜಿ ಆಡಳಿತವನ್ನು ಎದುರಿಸುವ ಬರ್ಲಿನ್‌ನ ಸಾಮಾನ್ಯ ಜನರ ಕಥೆ ಹೇಳುವ ‘ತ್ರೂ ದ ಡಾರ್ಕೆಸ್ಟ್ ಆಫ್ ಟೈಮ್ಸ್’ 2020ರದು. ಚರಿತ್ರೆ ಓದುವ ಹೈಸ್ಕೂಲು ಮಕ್ಕಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಜರ್ಮನಿಯಾಚೆಗೆ ನೋಡುವುದಾದರೆ, ಟೊರಾಂಟೊದಿಂದ 2023ರಲ್ಲಿ ಬಂದ ‘ವೆಣ್ಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿ, ಅವಳ ಹರಿದ ಅಡುಗೆ ಪುಸ್ತಕ, ಮನೆಮಾತಿನಿಂದ ದೂರ ಸರಿಯುವ ಮಗ ಇವರ ಕಥೆ. ಕನ್ನಡ ಅಡುಗೆಮನೆಯಲ್ಲೂ ಅದು ಹಾಗೇ ನಡೆಯಬಹುದಾದ ಕಥೆ.

ಸ್ಟುಟ್‌ಗಾರ್ಟ್ ಸೀಮೆಗೂ ಕನ್ನಡದ ಕಥೆಗಳಿಗೂ ಹಳೆಯ ನಂಟು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ವ್ಯೂರ್ಟೆಂಬರ್ಗ್‌ನ ಬ್ರಾಕನ್‌ಹೈಮ್‌ನಲ್ಲಿ, 1881ರಲ್ಲಿ ತೀರಿಕೊಂಡದ್ದು ಸ್ಟುಟ್‌ಗಾರ್ಟ್‌ನ ಮಗ್ಗುಲಿನ ಎಸ್ಲಿಂಗನ್‌ನಲ್ಲಿ. ನಿಘಂಟಿನ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ. ಆ ಸೀಮೆಯ ಜನ ಕಡಲು ದಾಟಿ ಬಂದು, ತಾಳೆಗರಿಯಲ್ಲಿದ್ದ ಕನ್ನಡ ಕಥೆಗಳನ್ನು ಆ ಕಾಲದ ಹೊಸ ಯಂತ್ರವಾಗಿದ್ದ ಕಲ್ಲಚ್ಚಿಗೆ ಏರಿಸಿದರು. ಇಂದು ಅದೇ ಸೀಮೆಯ ಕಥೆಯೊಂದು ಹೊಸ ಯಂತ್ರದ ಮೇಲೆ ಕೂತಿರುವಾಗ ಕನ್ನಡ ಮನೆಗಳು ಅದನ್ನು ತೆರೆದು ನೋಡಲು ಹಿಂಜರಿಯಬೇಕಾಗಿಲ್ಲ.

ಎಚ್ಚರಿಕೆಯ ಮಾತೊಂದಿದೆ. ‘ದಿ ಲಾಂಗಿಂಗ್’ಗೆ ಒಂದೇ ಮುಕ್ತಾಯವಿಲ್ಲ. ನಾನೂರು ದಿನ ಕಾದು ರಾಜನನ್ನು ಎಬ್ಬಿಸುವುದು ಒಂದು ದಾರಿ. ಅಪ್ಪಣೆಯನ್ನು ಮುರಿದು ಬೆಳಕಿನ ಕಡೆಗೆ ಹೊರಟುಹೋಗುವುದು ಇನ್ನೊಂದು, ಮತ್ತು ಆ ದಾರಿಯನ್ನು ಹುಡುಕಿ ತೆಗೆಯುವುದರಲ್ಲೇ ಅನ್ವೇಷಣೆಯ ಸುಖವಿದೆ. ಆಳವಾದ ಕಮರಿಗೆ ಬಿದ್ದು ಶೇಡ್ ತನ್ನ ಬದುಕನ್ನೇ ಮುಗಿಸಿಕೊಳ್ಳುವ ಮುಕ್ತಾಯವೂ ಇದೆ. ಆಟ ಅದನ್ನು ರೋಚಕವಾಗಿ ತೋರಿಸುವುದಿಲ್ಲ. ಆದರೂ ಚಿಕ್ಕ ಮಕ್ಕಳು, ಮನಸ್ಸು ಕುಗ್ಗಿರುವ ಹದಿಹರೆಯದವರು ಅದನ್ನು ಒಬ್ಬರೇ ಎದುರಿಸುವುದು ಬೇಡ. ಶೇಡ್ ಆಗಾಗ ತನ್ನ ಬೇಸರವನ್ನು, ಒಂಟಿತನವನ್ನು ತನಗೆ ತಾನೇ ಆಡಿಕೊಳ್ಳುತ್ತಾನೆ. ಅಂಥ ಮಾತು ಬಂದಾಗ ಆಟ ನಿಲ್ಲಿಸಿ ಮಗುವನ್ನು ಮಾತಾಡಿಸಲು ಅಪ್ಪನೋ ಅಮ್ಮನೋ ಪಕ್ಕದಲ್ಲಿರಬೇಕು.

ಕೂತು ಆಡುವ ಕ್ರಮ ಕಷ್ಟದ್ದಲ್ಲ. ಆಟ ಜರ್ಮನ್, ಇಂಗ್ಲಿಷ್ ಎರಡರಲ್ಲೂ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ನಡೆಯುತ್ತದೆ, 2021ರ ಏಪ್ರಿಲ್‌ನಿಂದ ನಿಂಟೆಂಡೊ ಸ್ವಿಚ್‌ನಲ್ಲೂ ಸಿಗುತ್ತದೆ. ಬೆರಳಿನ ಚುರುಕು ಬೇಕಿಲ್ಲದ್ದರಿಂದ ಊರಿಂದ ಬಂದ ಅಜ್ಜ ಅಜ್ಜಿಯರೂ ಮೌಸ್ ಹಿಡಿಯಬಹುದು. ಪರದೆಯ ಮೇಲಿನ ಜರ್ಮನ್ ಮಾತನ್ನು ಮಗು ಓದಿ ಅರ್ಥ ಹೇಳಲಿ, ಮುಂದೆ ಎತ್ತ ನಡೆಯಬೇಕು ಎಂಬ ಚರ್ಚೆ ಕನ್ನಡದಲ್ಲಿ ನಡೆಯಲಿ. ಸಂಜೆ ಅರ್ಧ ಗಂಟೆ ಸಾಕು. ಉಳಿದ ಹೊತ್ತಿನಲ್ಲಿ ಪಾಚಿ ತಾನಾಗಿ ಬೆಳೆಯುತ್ತಿರುತ್ತದೆ.


ಒಬ್ಬ ಕನ್ನಡ ಬರಹಗಾರ